ತಿರುಗಿಸಿ ತಳ ನೋಡಿ: ಮುಂಬೈ, ಪುಣೆಯಲ್ಲಿ ಟ್ರೆಂಚ್ ಆರ್ಟ್ ಹುಡುಕುವವರಿಗೆ

ಚೋರ್ ಬಜಾರ್‌ನ ಮಟನ್ ಸ್ಟ್ರೀಟ್‌ನಲ್ಲಿ ಹಿತ್ತಾಳೆ ಸಾಮಾನಿನ ಅಂಗಡಿಗಳ ಮುಂದೆ ನಿಧಾನ ನಡೆಯಿರಿ. ಹಡಗಿನ ದೀಪ, ದಿಕ್ಸೂಚಿ, ಗ್ರಾಮಫೋನಿನ ಕೊಳವೆಗಳ ನಡುವೆ ನೆಟ್ಟಗೆ ನಿಂತ ಒಂದು ಹಿತ್ತಾಳೆ ಹೂದಾನಿ ಕಂಡರೆ ಕೈಗೆತ್ತಿಕೊಂಡು ತಲೆಕೆಳಗು ಮಾಡಿ. ತಳದ ನಡುವೆ ದುಂಡನೆಯ ತಿರುಪು, ಅದರ ಸುತ್ತ ಸಣ್ಣ ಅಕ್ಷರ, ಅಂಕಿ, ಒಂದು ಬಾಣದ ಗುರುತು ಇದ್ದರೆ ನಿಮ್ಮ ಕೈಯಲ್ಲಿರುವುದು ಫಿರಂಗಿಯ ಶೆಲ್ ಕೇಸ್, ಅಂದರೆ ಗುಂಡು ಹಾರಿಸುವ ಮದ್ದು ತುಂಬಿದ್ದ ಹಿತ್ತಾಳೆ ಕೊಳವೆ. ಯಾರೋ ಅದನ್ನು ಕಾಯಿಸಿ, ಬಡಿದು, ಕೆತ್ತಿ ಹೂದಾನಿ ಮಾಡಿದ್ದಾರೆ.

ಇಂಥ ವಸ್ತುಗಳಿಗೆ ಟ್ರೆಂಚ್ ಆರ್ಟ್ ಅನ್ನುತ್ತಾರೆ. ಹೆಸರು ಕೇಳಿ, ಸೈನಿಕ ಕಂದಕದಲ್ಲಿ ಕೂತು ತಲೆಯ ಮೇಲೆ ಗುಂಡು ಹಾರುವಾಗ ಕೆತ್ತಿದ ಅಂದುಕೊಳ್ಳಬೇಡಿ. ಮುಂಚೂಣಿಯಲ್ಲಿ ಸುತ್ತಿಗೆ ಬಡಿದರೆ ಶತ್ರುವಿಗೆ ಕೇಳಿಸುತ್ತದೆ. ಹೆಚ್ಚಿನ ಕೆಲಸ ನಡೆದಿದ್ದು ಹಿಂದಿನ ಸಾಲಿನ ವರ್ಕ್‌ಶಾಪ್‌ಗಳಲ್ಲಿ, ಆಸ್ಪತ್ರೆಗಳಲ್ಲಿ, ಯುದ್ಧಕೈದಿಗಳ ಶಿಬಿರಗಳಲ್ಲಿ. ಊರಿನ ಕಸುಬುದಾರರು ಸೈನಿಕರಿಗೆ ಮಾರಲೆಂದೇ ಮಾಡಿದ್ದೂ ಬೇಕಾದಷ್ಟಿದೆ. ಮೊದಲ ಮಹಾಯುದ್ಧ ಮುಗಿದ ಮೇಲೆ ಲಂಡನ್ನಿನ ದೊಡ್ಡ ಅಂಗಡಿಗಳು, ಗಿರಾಕಿಗಳು ತಂದುಕೊಟ್ಟ ಶೆಲ್ ಕೇಸುಗಳಿಗೆ ಮರದ ಪೀಠ ಹಾಕಿ ಊಟದ ಗಂಟೆ ಮಾಡಿಕೊಟ್ಟವು. ಲೈಟರ್, ಆಶ್‌ಟ್ರೇ, ಕಾಗದ ಕೊಯ್ಯುವ ಚಾಕು, ಬೆಂಕಿಪೊಟ್ಟಣದ ಹೊದಿಕೆ, ಫ್ಯೂಸಿನ (ಫಿರಂಗಿ ಗುಂಡನ್ನು ಸಿಡಿಸುವ ಮೂತಿಯ ಭಾಗ) ಅಲ್ಯೂಮಿನಿಯಂ ಉಂಗುರ, ಪುಟ್ಟ ವಿಮಾನ, ಟ್ಯಾಂಕು ಎಲ್ಲವೂ ಈ ಹೆಸರಿನಡಿ ಬರುತ್ತವೆ.

ಮೊದಲು ಒಂದು ಮೂಲೆ ಹಿಡಿಯಿರಿ

ಕಂಡದ್ದೆಲ್ಲ ಕೊಂಡರೆ ಮನೆ ಗುಜರಿ ಅಂಗಡಿ ಆಗುತ್ತದೆ. ಡೊಂಬಿವಲಿಯ ಒಂದು ಬೆಡ್‌ರೂಮಿನ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಒಂದು ಯುದ್ಧ, ಒಂದು ಪ್ರದೇಶ, ಇಲ್ಲವೇ ಒಂದೇ ಬಗೆಯ ವಸ್ತು ಆರಿಸಿಕೊಳ್ಳಿ.

ಮುಂಬೈ, ಪುಣೆಯಲ್ಲಿ ಇರುವವರಿಗೆ ನನ್ನ ಸಲಹೆ ಮೆಸೊಪೊಟೇಮಿಯಾ, ಅಂದರೆ ಇಂದಿನ ಇರಾಕ್. ಅದಕ್ಕೆ ಕಾರಣವಿದೆ. 1914ರಲ್ಲಿ ಅಲ್ಲಿಗೆ ಹೊರಟ ಪಡೆ ಹಡಗು ಹತ್ತಿದ್ದು ಬಾಂಬೆ ಬಂದರಿನಿಂದ. ಮುಂದೆ ನಿಂತು ಹೋರಾಡಿದ್ದು 6ನೇ ಪೂನಾ ಡಿವಿಷನ್. ಅದರಲ್ಲಿ 103, 110 ಮತ್ತು 117ನೇ ಮರಾಠಾ ದಳಗಳಿದ್ದವು. ಸೇತುವೆ ಕಟ್ಟಲು ಪುಣೆ ಬಳಿಯ ಖಡಕಿಯ ಸ್ಯಾಪರ್‌ಗಳ, ಅಂದರೆ ಎಂಜಿನಿಯರ್ ಸೈನಿಕರ, ಕಂಪನಿಗಳಿದ್ದವು. ಕೂತ್ ಅನ್ನುವ ಊರಲ್ಲಿ ಸುಮಾರು ಐದು ತಿಂಗಳು ಟರ್ಕಿ ಸೇನೆಯ ಮುತ್ತಿಗೆಯಲ್ಲಿ ಸಿಕ್ಕಿಕೊಂಡ ಈ ಡಿವಿಷನ್ 1916ರ ಏಪ್ರಿಲ್ 29ರಂದು ಶರಣಾಯಿತು. ಆದರೆ ಯುದ್ಧ ಅಲ್ಲಿಗೆ ನಿಲ್ಲಲಿಲ್ಲ, ಹಡಗುಗಳ ಓಡಾಟವೂ ನಿಲ್ಲಲಿಲ್ಲ. ವಾಪಸ್ ಬಂದವರ ಪೆಟ್ಟಿಗೆಗಳು ಇಳಿದಿದ್ದು ಇದೇ ಬಂದರಿನಲ್ಲಿ. ಬಸ್ರಾ, ಬಾಗ್ದಾದ್ ಅಂತ ಕೆತ್ತಿದ ವಸ್ತುಗಳು ಇಲ್ಲಿನ ಹಳೇ ಸಾಮಾನಿನ ಅಂಗಡಿಗಳಿಗೆ ಬರುವುದರಲ್ಲಿ ಆಶ್ಚರ್ಯವಿಲ್ಲ.

ಈ ಮೂಲೆಯ ಪಕ್ಕದಲ್ಲೇ ಇನ್ನೆರಡು ಬಗೆಯವು ಸಿಗುತ್ತವೆ. ಒಂದು, ಟೈಗ್ರಿಸ್ ದಡದ ಅಮಾರಾ ಊರಿನ ಮಂಡೇಯನ್ ಅನ್ನುವ ಸಮುದಾಯದ ಅಕ್ಕಸಾಲಿಗರ ಬೆಳ್ಳಿ ಕೆಲಸ. ಬೆಳ್ಳಿಯ ಮೇಲೆ ಕಪ್ಪು ಗೆರೆಯಲ್ಲಿ ದೋಣಿ, ಖರ್ಜೂರದ ಮರ, ಒಂಟೆ. ಸಿಗರೇಟು ಡಬ್ಬಿಗಳೇ ಜಾಸ್ತಿ. ಇನ್ನೊಂದು, ಟರ್ಕಿಯ ಯುದ್ಧಕೈದಿಗಳು ಗಾಜಿನ ಮಣಿಯಲ್ಲಿ ಹೆಣೆದ ಹಾವು. ಹೊಟ್ಟೆಯ ಮೇಲೆ ಇಂಗ್ಲಿಷಿನಲ್ಲಿ 'ಟರ್ಕಿಶ್ ಪ್ರಿಸನರ್' ಅಂತ ಹೆಣೆದು ವರ್ಷ ಹಾಕಿರುತ್ತಾರೆ. ನಮ್ಮ ಬಳ್ಳಾರಿಯಲ್ಲೂ ಟರ್ಕಿಯ ಕೈದಿಗಳನ್ನು ಇಟ್ಟಿದ್ದರು. ಹಾಗಂತ ಸಿಕ್ಕ ಹಾವನ್ನೆಲ್ಲ ಬಳ್ಳಾರಿಯದ್ದು ಅನ್ನಬೇಡಿ. ಈಜಿಪ್ಟಿನ ಶಿಬಿರಗಳಲ್ಲೂ ಹೆಣೆದಿದ್ದಾರೆ.

ಎಲ್ಲಿ ಹುಡುಕುವುದು

ಮಟನ್ ಸ್ಟ್ರೀಟ್ ಅಂಗಡಿಗಳು ಶುಕ್ರವಾರ ಮುಚ್ಚಿರುತ್ತವೆ. ಅದೇ ದಿನ ನಸುಕಿನಲ್ಲಿ ಆ ಬೀದಿಗಳಲ್ಲಿ ಜುಮ್ಮಾ ಬಜಾರ್ ಹರಡಿಕೊಳ್ಳುತ್ತದೆ. ಅಂಗಡಿಯಲ್ಲಿ ತೊಳೆದು ಬೆಳಗಿಸಿದ ಮಾಲು, ಬೀದಿಯಲ್ಲಿ ಮಣ್ಣು ಮೆತ್ತಿದ ಮಾಲು. ನನಗೆ ಎರಡನೆಯದೇ ಇಷ್ಟ. ಯಾಕೆ ಅನ್ನುವುದು ಪಾಲಿಶ್ ವಿಷಯ ಬಂದಾಗ ಗೊತ್ತಾಗುತ್ತದೆ. ಪುಣೆಯಲ್ಲಿ ಬುಧವಾರ ಮತ್ತು ಭಾನುವಾರ ಜೂನಾ ಬಜಾರ್. ಕ್ಯಾಂಪ್ ಕಡೆಯ ಹಳೇ ಬಂಗಲೆ ಖಾಲಿ ಮಾಡುವಾಗಲೂ ಸಾಮಾನು ಹೊರಬರುತ್ತದೆ. ಭಂಗಾರ್‌ವಾಲಾನ ಪರಿಚಯ ಇದ್ದರೆ ಇನ್ನೂ ಒಳ್ಳೆಯದು. ಹಿತ್ತಾಳೆ ಕರಗಿಸಲು ಹೋಗುವ ಮುಂಚೆ ಒಂದು ಫೋನ್ ಮಾಡು ಅಂತ ಹೇಳಿಡಿ.

ಹೊರಡುವ ಮುಂಚೆ ಅವತ್ತಿನ ಹಿತ್ತಾಳೆಯ ಕಿಲೋ ದರ ತಿಳಿದುಕೊಳ್ಳಿ. ಖಾಲಿ ಶೆಲ್ ಕೇಸಿಗೆ ಅದೇ ತಳಬೆಲೆ. ಅದರ ಮೇಲೆ ಕೊಡುವುದು ಕೆತ್ತನೆಗೆ, ಹೆಸರಿಗೆ, ಕತೆಗೆ. ಅಂಗಡಿಯವರು ಬಾಯಲ್ಲಿ ಹೇಳುವ ಕತೆಗೆ ಮಾತ್ರ ದುಡ್ಡು ಕೊಡಬೇಡಿ. 'ಅಂಗ್ರೇಜ್ ಜನರಲ್ ಕಾ ಹೈ ಸಾಬ್' ಅನ್ನುವ ಮಾತು ಆ ಬೀದಿಯಲ್ಲಿ ಉಚಿತ. ಮುಂಬೈಯಲ್ಲಿ ಇನ್ನೊಂದು ಕತೆಯೂ ಸಿದ್ಧವಾಗಿರುತ್ತದೆ: 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕ್‌ನಲ್ಲಿ ಸಿಡಿದ ಫೋರ್ಟ್ ಸ್ಟಿಕೀನ್ ಹಡಗಿನ ಚೂರು ಇದು ಅಂತ. ಆ ಹಡಗಿನಲ್ಲಿ ಸಿಡಿಮದ್ದು, ಹತ್ತಿ, ಚಿನ್ನದ ಗಟ್ಟಿ ಎಲ್ಲ ಇದ್ದವು, ಚೂರುಗಳು ಊರ ತುಂಬ ಬಿದ್ದಿದ್ದವು, ನಿಜ. ಆದರೆ ಮನೆತನದ ಕಾಗದವೋ ಹಳೇ ಫೋಟೋವೋ ಜೊತೆಗಿಲ್ಲದೆ ಕಬ್ಬಿಣದ ಚೂರು ತಾನಾಗಿ ಏನನ್ನೂ ಹೇಳುವುದಿಲ್ಲ.

ಎಲ್ಲಕ್ಕಿಂತ ಒಳ್ಳೆಯ ಜಾಗ ಪರಿಚಯದವರ ಮನೆ. ಖಡಕಿಯಲ್ಲಿ ಧಾರವಾಡ ಕಡೆಯ ಹಿರಿಯರೊಬ್ಬರ ಮನೆಯಲ್ಲಿ ಮೇಜಿನ ಮೇಲೆ ಕಾಗದ ಕೊಯ್ಯುವ ಚಾಕು ಇತ್ತು. ಅಲಗು ಹಿತ್ತಾಳೆಯ ತಗಡು. ಹಿಡಿ .303 ರೈಫಲಿನ ಖಾಲಿ ತೋಟೆ. ಅಲಗು ತೋಟೆಯ ಬಾಯಿಗೆ ಸೇರುವ ಕಡೆ ಬೆಸುಗೆ ಒರಟಾಗಿ ಉಬ್ಬಿತ್ತು, ಹಿಡಿಯ ಮೇಲೆ ಬೆರಳು ತಾಗುವ ಕಡೆ ಮಾತ್ರ ಸವೆದು ನುಣುಪಾಗಿತ್ತು.

"ಕಾಕಾ, ಇದು ನಿಮ್ಮ ಕೈಗೆ ಹೆಂಗ ಬಂತು?"

"ನಮ್ಮಪ್ಪಂದು. ಎರಡನೇ ಯುದ್ಧದಾಗ ಇರಾಕಿನ್ಯಾಗ ಇದ್ದ ಅಂವ. ಹಿಂದ ನೋಡು, ಕೆಎಫ್ ಅಂತ ಐತಿ. ಅದು ನಮ್ಮ ಫ್ಯಾಕ್ಟರಿ ಮುದ್ರಿ."

ಅವರು ದುಡಿದು ನಿವೃತ್ತರಾದದ್ದೂ ಅದೇ ಫ್ಯಾಕ್ಟರಿಯಲ್ಲಿ. ಕೆಎಫ್ ಅಂದರೆ ಖಡಕಿಯ ಗುರುತು. 1869ರಲ್ಲಿ ಶುರುವಾದ ಕಾರ್ಖಾನೆ ಅದು. ಇಲ್ಲಿ ತಯಾರಾದ ತೋಟೆ ಕಡಲು ದಾಟಿ ಹೋಗಿ, ಚಾಕುವಿನ ಹಿಡಿಯಾಗಿ ತನ್ನೂರಿಗೇ ಬಂದಿತ್ತು. ಆ ಚಾಕು ಅವರ ಮನೆಯಲ್ಲೇ ಇದೆ, ಇರಬೇಕಾದ್ದೂ ಅಲ್ಲೇ. ನಾನು ತಂದದ್ದು ಒಂದು ಫೋಟೋ ಮತ್ತು ಅವರು ಹೇಳಿದ ಮಾತಿನ ಟಿಪ್ಪಣಿ. ಸಂಗ್ರಹ ಅಂದರೆ ಕೊಳ್ಳುವುದೇ ಆಗಬೇಕಿಲ್ಲ.

ದುಡ್ಡು ಕೊಡುವ ಮುಂಚೆ: ಅಪಾಯ ಮತ್ತು ಕಾನೂನು

ಇಲ್ಲಿ ತಮಾಷೆ ಇಲ್ಲ. ರೈಫಲ್ ತೋಟೆಯಾದರೆ ತಳದ ನಡುವಿನ ಪುಟ್ಟ ಮುಚ್ಚಳ, ಅಂದರೆ ಪ್ರೈಮರ್, ನೋಡಿ. ಪಿನ್ ಬಡಿದ ಗುಳಿ ಇರಬೇಕು. ಗುಳಿ ಇಲ್ಲದೆ ತುದಿಯಲ್ಲಿ ಗುಂಡೂ ಇದ್ದರೆ ಅದು ಸಿಡಿಯದ ತೋಟೆ ಇರಬಹುದು. ಗುಳಿ ಇದ್ದು ಗುಂಡು ಹಾಗೇ ಇದ್ದರೂ ನಂಬಬೇಡಿ. ಬಡಿದರೂ ಸಿಡಿಯದೆ ಉಳಿದ ತೋಟೆ ಅದಾಗಿರಬಹುದು. ಶೆಲ್ ಕೇಸಿನೊಳಗೆ ಟಾರ್ಚ್ ಬಿಡಿ, ಖಾಲಿ ಇರಬೇಕು. ಫ್ಯೂಸಿನಿಂದ ಮಾಡಿದ ಪೇಪರ್‌ವೇಟ್ ಅಂತ ಮಾರುವವರಿದ್ದಾರೆ. ಒಳಗೆಲ್ಲ ಟೊಳ್ಳು ಅಂತ ಕಣ್ಣಿಗೆ ಕಾಣದ ಫ್ಯೂಸನ್ನು ನಾನಂತೂ ಮುಟ್ಟುವುದಿಲ್ಲ. ಅನುಮಾನ ಬಂದ ವಸ್ತುವನ್ನು ಅಲುಗಾಡಿಸಬೇಡಿ, ಬಿಚ್ಚಬೇಡಿ, ಕೊರೆಯಬೇಡಿ, ಬಿಸಿ ಮಾಡಬೇಡಿ. ದೂರ ಸರಿದು 112ಕ್ಕೆ ಕರೆ ಮಾಡಿ.

1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಮದ್ದುಗುಂಡು ಅಂದರೆ ಅದರ ಬಿಡಿಭಾಗಗಳೂ ಸೇರುತ್ತವೆ. ಅದೇ ಕಾಯ್ದೆಯ 45ನೇ ಕಲಮು, ಬೇರೆ ಭಾಗಗಳ ಜೊತೆ ಸೇರಿಸಿ ಬಳಸುವ ಉದ್ದೇಶವಿಲ್ಲದ ಸಣ್ಣಪುಟ್ಟ ಬಿಡಿಭಾಗಗಳಿಗೆ ವಿನಾಯಿತಿ ಕೊಡುತ್ತದೆ. ಆದರೆ ಚೆಕ್‌ಪೋಸ್ಟಿನಲ್ಲಿ ನಿಂತು ಕಲಮಿನ ಪಾಠ ಮಾಡಲು ಆಗುವುದಿಲ್ಲ, ಅಲ್ವಾ? ಆದ್ದರಿಂದ ಬಿಲ್ ಬರೆಸಿಕೊಳ್ಳಿ. 'ಹಾರಿಸಿದ ಖಾಲಿ ಕೇಸ್, ಅಲಂಕಾರದ ವಸ್ತು' ಅಂತ ಅದರಲ್ಲಿ ಇರಲಿ. ದೊಡ್ಡ ಸಂಗ್ರಹ ಮಾಡುವ ಯೋಚನೆ ಇದ್ದರೆ ವಕೀಲರನ್ನು ಒಮ್ಮೆ ಕೇಳಿ. ವಿಮಾನದಲ್ಲಿ ಮಾತ್ರ ತೋಟೆಯಿಂದ ಮಾಡಿದ ಯಾವುದನ್ನೂ ಒಯ್ಯಬೇಡಿ. ಕೀಚೈನ್ ಆದರೂ ಸರಿ, ಚೆಕ್-ಇನ್ ಬ್ಯಾಗಿನಲ್ಲಾದರೂ ಸರಿ. ಪೊಲೀಸ್ ಕೇಸ್ ಆಗುತ್ತದೆ.

ತಳ ಓದುವುದು

ಈಗ ನಿಜವಾದ ಮಜಾ. ಒಂದು ಸ್ಕೇಲ್, ದಾರ, ಪೆನ್ಸಿಲ್, ತೆಳು ಕಾಗದ ಇಟ್ಟುಕೊಳ್ಳಿ. ಮೊದಲು ಅಳತೆ. ಬಾಯಿಯ ಒಳ ಅಗಲ, ತಳದ ಅಂಚಿನ ಅಗಲ, ಎತ್ತರ, ಮೂರನ್ನೂ ಮಿಲಿಮೀಟರಿನಲ್ಲಿ ಬರೆದುಕೊಳ್ಳಿ. ಮೊದಲ ಯುದ್ಧದ ಬ್ರಿಟಿಷ್ 18 ಪೌಂಡರ್ ಫಿರಂಗಿಯ (ಹಾರಿಸುವ ಗುಂಡಿನ ತೂಕದಿಂದ ಬಂದ ಹೆಸರು) ಕೇಸ್ ಸುಮಾರು 295 ಮಿಮೀ ಎತ್ತರ. ಎರಡನೇ ಯುದ್ಧದ 25 ಪೌಂಡರ್ ಅದಕ್ಕೆ ತೀರಾ ಹತ್ತಿರ, 292 ಮಿಮೀ, ಆದರೆ ಬಾಯಿ ಸ್ವಲ್ಪ ಅಗಲ. ಎತ್ತರ ನೋಡಿಯೇ ತೀರ್ಮಾನಿಸಿದರೆ ಯುದ್ಧವೇ ಬದಲಾಗಿಬಿಡುತ್ತದೆ. ಫ್ರೆಂಚರ 75 ಮಿಮೀ ಕೇಸ್ 350 ಮಿಮೀ ಉದ್ದ. ಜರ್ಮನರ 77 ಮಿಮೀ ಕೇಸ್ ಕುಳ್ಳು, ಸುಮಾರು 227. ವಿಮಾನ ಹೊಡೆಯುವ ಬೋಫೋರ್ಸ್ 40 ಮಿಮೀ ಕೇಸ್ ಸಪೂರ, 311 ಮಿಮೀ. ನೆನಪಿರಲಿ, ಅಂಚು ಕತ್ತರಿಸಿದ್ದರೆ, ಬಾಯಿ ಮಡಚಿದ್ದರೆ ಎತ್ತರ ಕಡಿಮೆ ಬರುತ್ತದೆ. ಆಗ ತಳದ ಅಗಲವೇ ದಿಕ್ಕು.

ಆಮೇಲೆ ಅಕ್ಷರ. ತಳದ ಮೇಲೆ ಕಾಗದ ಇಟ್ಟು ಪೆನ್ಸಿಲ್ಲನ್ನು ಅಡ್ಡ ಹಿಡಿದು ಮೆಲ್ಲಗೆ ಉಜ್ಜಿ. ಕಣ್ಣಿಗೆ ಕಾಣದ್ದು ಕಾಗದದಲ್ಲಿ ಏಳುತ್ತದೆ. ಫೋಟೋ ತೆಗೆಯುವಾಗ ಫ್ಲ್ಯಾಶ್ ಬೇಡ, ಬದಿಯಿಂದ ಟಾರ್ಚ್ ಹಿಡಿಯಿರಿ. ಅಗಲವಾದ ಬಾಣದ ಗುರುತು ಬ್ರಿಟಿಷ್ ಸರ್ಕಾರದ ಆಸ್ತಿ ಅಂತ ಹೇಳುತ್ತದೆ. ಎರಡು ಬಾಣಗಳು ಮೂತಿಗೆ ಮೂತಿ ತಾಗಿಸಿ ನಿಂತಿದ್ದರೆ, ಸರ್ಕಾರವೇ ಅದನ್ನು ಮಾರಾಟಕ್ಕೆ ಬಿಟ್ಟಿತ್ತು ಅಂತ ಅರ್ಥ. ಬ್ರಿಟಿಷ್ ಕೇಸಿನಲ್ಲಿ ಫಿರಂಗಿಯ ಬಗೆ, ತಯಾರಕರ ಅಕ್ಷರ, ವರ್ಷ, ಲಾಟ್ ಸಂಖ್ಯೆ ಸಿಗುತ್ತವೆ. ಒಂದೇ ಗುರುತು ಮತ್ತೆ ಮತ್ತೆ ಒತ್ತಿದ್ದರೆ ಅದೇ ಕೇಸನ್ನು ಪುನಃ ತುಂಬಿ ಹಾರಿಸಿದ್ದಾರೆ. ಹಿತ್ತಾಳೆ ಆಗ ಅಷ್ಟು ಬೆಲೆಯದು. ಖಾಲಿ ಕೇಸುಗಳನ್ನು ವಾಪಸ್ ಕಳಿಸಬೇಕಿತ್ತು, ಸೈನಿಕ ಮನೆಗೆ ತಂದದ್ದು ಲೆಕ್ಕದ ಪ್ರಕಾರ ಸರ್ಕಾರಿ ಸೊತ್ತು! ಜರ್ಮನ್ ಕೇಸಿನಲ್ಲಿ ತಿಂಗಳು, ವರ್ಷ ಎರಡೂ ಇರುತ್ತವೆ, ಜೊತೆಗೆ ಪೋಲ್ಟೆ ಮಾಗ್ಡೆಬುರ್ಗ್ ಥರ ಕಾರ್ಖಾನೆಯ ಪೂರ್ತಿ ಹೆಸರು. ಫ್ರೆಂಚರದ್ದರಲ್ಲಿ 75 ಅಂಕಿ ಮೊದಲು ಕಣ್ಣಿಗೆ ಬೀಳುತ್ತದೆ.

ತಳದ ವರ್ಷ ಕೇಸ್ ತಯಾರಾದ ವರ್ಷ. ಕೆತ್ತನೆಯ ವರ್ಷ ಅದೇ ಆಗಬೇಕಿಲ್ಲ. 1916ರ ಕೇಸಿನ ಮೇಲೆ 1925ರಲ್ಲಿ ಕೆತ್ತಿರಬಹುದು, ಹೋದ ತಿಂಗಳು ಹಿತ್ತಾಳೆ ಕೆಲಸದ ಊರಾದ ಮೊರಾದಾಬಾದಿನಲ್ಲೂ ಕೆತ್ತಿರಬಹುದು. ತಳ ಹೇಳುವುದು ಇಷ್ಟೇ: ಇದಕ್ಕಿಂತ ಮೊದಲು ಅಲ್ಲ. ತಳದಲ್ಲಿ 1942 ಇದ್ದು ಮೈಮೇಲೆ 'ಬಾಗ್ದಾದ್ 1917' ಅಂತಿದ್ದರೆ ಅಲ್ಲೇ ಇಟ್ಟು ಬನ್ನಿ. ಇಂಥವು ಇವೆ.

ಕೆತ್ತನೆ ಹಳೆಯದೋ ಹೊಸದೋ ನೋಡಲು ಒಂದು ಭೂತಗನ್ನಡಿ ಸಾಕು. ಹಳೇ ಗೆರೆಯ ಒಳಗೆ ಕೊಳೆ, ಹಳೇ ಪಾಲಿಶಿನ ಬಿಳಿ ಪುಡಿ, ಕಿಲುಬು ಕೂತಿರುತ್ತದೆ. ಗೆರೆಯ ಅಂಚು ಸವೆದು ಮೆತ್ತಗಾಗಿರುತ್ತದೆ. ಹೊಸ ಗೆರೆ ಒಳಗೂ ಹೊಳೆಯುತ್ತದೆ, ಬೆರಳಿಗೆ ಚುಚ್ಚುತ್ತದೆ. ಮೊಳೆಯಿಂದ ಚುಕ್ಕಿ ಚುಕ್ಕಿ ಕುಟ್ಟಿ ಬರೆದ ಹೆಸರು ಸಾಮಾನ್ಯವಾಗಿ ಸೈನಿಕನ ಕೈಯದ್ದು. ಚುಕ್ಕಿಗಳ ಆಳ ಒಂದೇ ಸಮ ಇರುವುದಿಲ್ಲ. ಎಲ್ಲ ಗೆರೆಗಳೂ ಒಂದೇ ಆಳ, ಒಂದೇ ಅಗಲ ಇದ್ದರೆ ಯಂತ್ರದ್ದು. ಸೊಂಟ ಬಳುಕಿಸಿ ಅಡ್ಡಗೆರೆ ಎಬ್ಬಿಸಿದ ಹೂದಾನಿಗಳಿಗೆ ಬೇರೆ ಕಸುಬು ಬೇಕು. ಕೇಸನ್ನು ಕಾಯಿಸಿ ಮೆದು ಮಾಡಿ, ಒಳಗೆ ಮರಳು, ಸೀಸ ಅಥವಾ ರಾಳ ತುಂಬಿ ಬಡಿಯುತ್ತಿದ್ದರು. ಅದು ವರ್ಕ್‌ಶಾಪಿನ ಕೆಲಸ. ಒಳಗೆ ಕೈ ಹಾಕಿದರೆ ಕೆಲವೊಮ್ಮೆ ರಾಳದ ತುಣುಕು ಈಗಲೂ ಸಿಗುತ್ತದೆ.

ಹೆಸರಿದ್ದರೆ ಹಿಂಬಾಲಿಸಿ

ಹೆಸರು, ನಂಬರು, ದಳ, ಊರು, ಈ ನಾಲ್ಕರಲ್ಲಿ ಎರಡು ಸಿಕ್ಕರೂ ಕೆಲಸ ಶುರು ಮಾಡಬಹುದು. ಮಡಿದವರ ವಿವರಕ್ಕೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ದಾಖಲೆಯನ್ನು ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಹುಡುಕಬಹುದು. ಭಾರತೀಯ ಸೈನಿಕರ ಎಷ್ಟೋ ದಾಖಲೆಗಳಲ್ಲಿ ತಂದೆಯ ಹೆಸರು, ಹಳ್ಳಿ, ತಾಲ್ಲೂಕು ಇರುತ್ತದೆ. ಇಂಗ್ಲಿಷ್ ಗುಮಾಸ್ತರು ನಮ್ಮ ಹೆಸರುಗಳನ್ನು ಕೇಳಿದಂತೆ ಬರೆದಿದ್ದಾರೆ. ಆದ್ದರಿಂದ ಹೆಸರಿಗಿಂತ ನಂಬರು ಮತ್ತು ದಳ ಹಿಡಿದು ಹುಡುಕಿ. ಅಧಿಕಾರಿಯಾಗಿದ್ದರೆ ಲಂಡನ್ ಗೆಜೆಟ್ ನೋಡಿ, ನೇಮಕ, ಬಡ್ತಿ, ಪದಕ ಎಲ್ಲ ಅಲ್ಲಿದೆ. ಭಾರತದ ರಾಷ್ಟ್ರೀಯ ದಾಖಲೆಗಳಿಗೆ ಅಭಿಲೇಖ್ ಪಟಲ್ ತಾಣ. ದಳ ಯಾವ ದಿನ ಎಲ್ಲಿತ್ತು ಅನ್ನುವುದಕ್ಕೆ ಯುದ್ಧದ ದಿನಚರಿಗಳು ಬೇಕು, ಮೂಲ ಬ್ರಿಟನ್ನಿನ ರಾಷ್ಟ್ರೀಯ ದಾಖಲೆಗಳಲ್ಲಿದೆ.

ಕಂಪ್ಯೂಟರ್ ಬಿಟ್ಟು ಹೊರಗೂ ಹೋಗಿ. ಮುಂಬೈಯಲ್ಲಿ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿ ರಾಜ್ಯ ದಾಖಲೆಗಳ ಇಲಾಖೆ ಇದೆ. ಟೌನ್ ಹಾಲ್‌ನ ಏಷ್ಯಾಟಿಕ್ ಸೊಸೈಟಿ ಗ್ರಂಥಾಲಯದಲ್ಲಿ ಹಳೇ ಪುಸ್ತಕಗಳಿವೆ. ಖಡಕಿಯ ಯುದ್ಧ ಸ್ಮಶಾನದೊಳಗಿನ ಸ್ಮಾರಕ, ಮೊದಲ ಯುದ್ಧದ ಕಾಲದಲ್ಲಿ ಭಾರತದಲ್ಲಿ ಸತ್ತು ಬೇರೆ ಬೇರೆ ಊರುಗಳ ಸ್ಮಶಾನಗಳಲ್ಲಿ ಮಣ್ಣಾದ 1,800ಕ್ಕೂ ಹೆಚ್ಚು ಮಂದಿಯನ್ನು ನೆನೆಯುತ್ತದೆ. ಮಸ್ಜಿದ್ ಬಂದರ್ ಹತ್ತಿರದ ನಾವಿಕರ ಮನೆಯಲ್ಲಿ ಆ ಯುದ್ಧದಲ್ಲಿ ಕಡಲಿನಲ್ಲೇ ಕಳೆದುಹೋದ 2,000ಕ್ಕೂ ಹೆಚ್ಚು ಭಾರತೀಯ ನಾವಿಕರ ಸ್ಮಾರಕವಿದೆ. ಹಡಗಿನ ಕೆಲಸದ ನಂಟಿರುವ ಕುಟುಂಬಗಳು ಇದನ್ನು ನೋಡಿಯೇ ಇರುವುದಿಲ್ಲ. ಮರಾಠಾ ದಳದ ಎಳೆ ಸಿಕ್ಕರೆ ಊರಿಗೆ ಹೋದಾಗ ಬೆಳಗಾವಿಯ ರೆಜಿಮೆಂಟ್ ಕೇಂದ್ರಕ್ಕೂ ಒಂದು ಪತ್ರ ಬರೆಯಬಹುದು.

ಹೆಸರಿಲ್ಲದ ವಸ್ತುಗಳೇ ಜಾಸ್ತಿ. ಅವನ್ನು ಬೇಸರದಿಂದ ಬದಿಗಿಡಬೇಡಿ. ಎಲ್ಲಿ ಸಿಕ್ಕಿತು, ಮಾರಿದವರು ಯಾವ ಮನೆಯಿಂದ ತಂದರು, ಯಾವ ತಾರೀಕು, ಇವನ್ನು ಅವತ್ತೇ ಬರೆದಿಡಿ. ಮಾರುವವರನ್ನು ದುಡ್ಡು ಕೊಡುವ ಮುಂಚೆಯೇ ಕೇಳಿ. ದುಡ್ಡು ಜೇಬಿಗೆ ಹೋದ ಮೇಲೆ ಅವರಿಗೆ ನೆನಪು ಕಮ್ಮಿ.

ದಯವಿಟ್ಟು ಬೆಳಗಬೇಡಿ

ನಮ್ಮ ಮನೆಗಳಲ್ಲಿ ಹಿತ್ತಾಳೆ ಕಂಡರೆ ಕೈ ಹುಣಸೆಹಣ್ಣಿಗೆ ಹೋಗುತ್ತದೆ. ದೀಪಕ್ಕೆ, ತಂಬಿಗೆಗೆ ಸರಿ. ಶೆಲ್ ಕೇಸಿಗೆ ಬೇಡ. ಅದು ಸುಮಾರು 70 ಪಾಲು ತಾಮ್ರ, 30 ಪಾಲು ಸತುವಿನ ಹಿತ್ತಾಳೆ. ಹುಳಿ ಸತುವನ್ನು ಮೊದಲು ತಿನ್ನುತ್ತದೆ, ಮೇಲೆ ತಾಮ್ರದ ಕೆಂಪು ಕಲೆ ಉಳಿಯುತ್ತದೆ. ಪುಡಿ ಹಾಕಿ ತಿಕ್ಕಿದರೆ ಚುಕ್ಕಿಯಲ್ಲಿ ಬರೆದ ಹೆಸರೇ ಸವೆದುಹೋಗುತ್ತದೆ. ಗೆರೆಯೊಳಗಿನ ಕೊಳೆ ಹೋದರೆ ಹಳೆಯದು ಅನ್ನುವ ಸಾಕ್ಷಿಯೂ ಹೋಯಿತು. ಬೀದಿಯ ಮಣ್ಣು ಮೆತ್ತಿದ ಮಾಲು ನನಗಿಷ್ಟ ಅಂದದ್ದು ಇದಕ್ಕೇ.

ಅಮೋನಿಯಾ ಇರುವ ಪಾಲಿಶ್ ಇನ್ನೂ ಕೆಟ್ಟದು. ಇದು ನಮ್ಮ ದೇಶದಲ್ಲೇ ಕಲಿತ ಪಾಠ. ಬ್ರಿಟಿಷರ ಕಾಲದಲ್ಲಿ ಮಳೆಗಾಲಕ್ಕೆ ತೋಟೆಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಮಳೆ ಮುಗಿದು ತೆಗೆದಾಗ ಯಾರೂ ಮುಟ್ಟದ ಹಿತ್ತಾಳೆ ಬಿರುಕು ಬಿಟ್ಟಿರುತ್ತಿತ್ತು. ಕಾರಣ ಬಹುಕಾಲ ಗೊತ್ತಾಗಲಿಲ್ಲ. 1921ರಲ್ಲಿ ವಿವರಣೆ ಸಿಕ್ಕಿತು. ತೋಟೆ ಮಾಡುವಾಗ ಹಿತ್ತಾಳೆಯನ್ನು ತಣ್ಣಗಿದ್ದಾಗಲೇ ಎಳೆದು ಒತ್ತುತ್ತಾರೆ, ಆ ಬಿಗಿ ಲೋಹದೊಳಗೆ ಉಳಿದಿರುತ್ತದೆ. ಕುದುರೆ ಮೂತ್ರದಿಂದ ಎದ್ದ ಅಮೋನಿಯಾ, ಮಳೆಗಾಲದ ತೇವ, ಒಳಗಿನ ಬಿಗಿ, ಮೂರೂ ಸೇರಿದರೆ ಹಿತ್ತಾಳೆ ಸೀಳುತ್ತದೆ. ನಿಮ್ಮ ಕಪಾಟಿನ ಕೇಸಿನೊಳಗೂ ಆ ಬಿಗಿ ಇರಬಹುದು. ಮುಂಬೈಯ ಜೂನ್‌ನಿಂದ ಸೆಪ್ಟೆಂಬರ್ ತೇವವಂತೂ ಇದ್ದೇ ಇದೆ. ಮೂರನೆಯದನ್ನು ನೀವೇ ಬಾಟಲಿಯಲ್ಲಿ ತಂದು ಹಚ್ಚಬೇಡಿ. ನೆಲ ಒರೆಸುವ, ಗಾಜು ಒರೆಸುವ ಕೆಲವು ದ್ರಾವಣಗಳಲ್ಲೂ ಅಮೋನಿಯಾ ಇರುತ್ತದೆ, ಲೇಬಲ್ ಓದಿ.

ಮಾಡಬೇಕಾದ್ದು ಕಡಿಮೆ. ಮೆತ್ತನೆ ಬ್ರಶ್‌ನಿಂದ ಧೂಳು ತೆಗೆಯಿರಿ. ಜಿಡ್ಡಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ ಕೂಡಲೇ ಪೂರ್ತಿ ಒಣಗಿಸಿ. ಬರಿಗೈಯಲ್ಲಿ ಪದೇ ಪದೇ ಮುಟ್ಟಬೇಡಿ, ಬೆವರಿನ ಬೆರಳಚ್ಚು ಹಾಗೇ ಕಪ್ಪಾಗಿ ಕೂರುತ್ತದೆ. ಸಂಗ್ರಹಾಲಯಗಳಲ್ಲಿ ಬಳಸುವ ಮೈಕ್ರೋಕ್ರಿಸ್ಟಲಿನ್ ಮೇಣವನ್ನು ತೆಳ್ಳಗೆ ಹಚ್ಚಬಹುದು. ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಮಳೆಗಾಲದಲ್ಲಿ ಬದಲಿಸುತ್ತಿರಿ. ಹಸಿರು ಕಿಲುಬು ಪುಡಿಪುಡಿಯಾಗಿ ಉದುರುತ್ತಿದ್ದರೆ ಆ ವಸ್ತುವನ್ನು ಬೇರೆ ಇಟ್ಟು, ಲೋಹದ ಸಂರಕ್ಷಣೆ ಬಲ್ಲವರಿಗೆ ತೋರಿಸಿ.

ಪ್ರತಿ ವಸ್ತುವಿಗೂ ಒಂದು ಕಾರ್ಡ್ ಇರಲಿ: ಅಳತೆ, ತೂಕ, ತಳದ ಉಜ್ಜುಚಿತ್ರ, ನಾಲ್ಕು ಕಡೆಯ ಫೋಟೋ, ಬಿಲ್, ಮಾರಿದವರು ಹೇಳಿದ್ದು, ನೀವು ಕಂಡುಕೊಂಡದ್ದು. ಕೊನೆಯ ಎರಡನ್ನು ಒಂದರಲ್ಲಿ ಇನ್ನೊಂದು ಬೆರೆಸದೆ ಬರೆಯಿರಿ. ವಸ್ತುವಿನ ಮೇಲೆ ಮಾತ್ರ ಏನನ್ನೂ ಬರೆಯಬೇಡಿ, ಸ್ಟಿಕ್ಕರ್ ಅಂಟಿಸಬೇಡಿ. ದಾರದಲ್ಲಿ ಚೀಟಿ ಕಟ್ಟಿದರೆ ಸಾಕು.

ಮುಂದೆ ಮಾರುವ ಅಥವಾ ಅಮೆರಿಕದಲ್ಲಿರುವ ಮಗನಿಗೆ ಕಳಿಸುವ ಯೋಚನೆ ಬಂದರೆ ತಡೆಯಿರಿ. 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ 100 ವರ್ಷ ಅನ್ನುವುದು ಗಡಿ. ಮೊದಲ ಯುದ್ಧದ ವಸ್ತುಗಳು ಆ ಗಡಿ ದಾಟಿವೆ. ಪುರಾತನ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ನಿಮ್ಮದು ಆ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಅಂತ ಭಾರತೀಯ ಪುರಾತತ್ವ ಇಲಾಖೆಯ ಕಚೇರಿಯಲ್ಲಿ ಕೇಳಿ, ಬರದಿದ್ದರೆ ಪ್ರಮಾಣಪತ್ರ ತೆಗೆದುಕೊಂಡ ಮೇಲೇ ಪಾರ್ಸೆಲ್ ಕಟ್ಟಿ. ದೇಶದೊಳಗೆ ಕೈ ಬದಲಾದರೆ ಕಾರ್ಡನ್ನೂ ವಸ್ತುವಿನ ಜೊತೆಗೇ ಕೊಡಿ, ಒಂದು ನಕಲು ನಿಮ್ಮ ಹತ್ತಿರ ಇರಲಿ.